ಎಟಿವಿ ಗಾಲಿಗೆ ಮನೆಯಲ್ಲೇ ಬಣ್ಣ: ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಲೇಬಾರದು

ಈ ಸಲ ಎಟಿವಿಯ (ಹೊಲ, ತೋಟದಲ್ಲಿ ಓಡಿಸುವ ದಪ್ಪ ಟಯರಿನ ನಾಲ್ಕು ಗಾಲಿಯ ಗಾಡಿ) ಗಾಲಿ, ರಿಮ್ಮಿನ ಪ್ರಶ್ನೆಗಳೇ ಜಾಸ್ತಿ ಬಂದಿವೆ. ಆಯುಧಪೂಜೆ ಹತ್ತಿರ ಬಂತಲ್ವಾ, ಗಾಡಿ ಇರುವವರಿಗೆಲ್ಲಾ ಈಗ ಅದೇ ಯೋಚನೆ. ಮೊದಲ ಪತ್ರಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಮಿಕ್ಕವರೂ ಅದನ್ನು ಓದಿಯೇ ಮುಂದೆ ಹೋಗಿ.

ಪ್ರಶ್ನೆ: ಅಣ್ಣಾ, ನಮ್ಮದು ಚನ್ನಗಿರಿ ಹತ್ತಿರ ಅಡಿಕೆ ತೋಟ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಎಟಿವಿ ತಗೊಂಡೆ. ಗೊಬ್ಬರದ ಚೀಲ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಕ್ಯಾನು, ಅಡಿಕೆ ಗೊನೆ ಎಲ್ಲಾ ಅದರಲ್ಲೇ ಸಾಗಿಸ್ತೀವಿ. ಹೋದ ವರ್ಷ ನಾಲ್ಕೂ ರಿಮ್ಮಿಗೆ ರೆಡ್ ಆಕ್ಸೈಡ್ ಪ್ರೈಮರ್ (ಅಡಿಬಣ್ಣ) ಹೊಡೆದು ಮೇಲೆ ಕರಿ ಸ್ಪ್ರೇ ಹೊಡೆದಿದ್ದೆ. ಮೂರೇ ತಿಂಗಳಿಗೆ ಹಿಂದಿನ ಎರಡು ಗಾಲಿಯ ಬಣ್ಣ ಬಾಳೆಹಣ್ಣಿನ ಸಿಪ್ಪೆ ಥರ ಎದ್ದು ಬಂತು. ಮುಂದಿನವು ಪರವಾಗಿಲ್ಲ, ಅಲ್ಲಲ್ಲಿ ತುಕ್ಕು ಇದೆ ಅಷ್ಟೆ. ಈ ಸಲ ಸರಿಯಾಗಿ ಮಾಡಬೇಕು. ಟಯರ್ ಬಿಚ್ಚಲೇಬೇಕಾ? (ಓದುಗರು, ಚನ್ನಗಿರಿ)

ಉತ್ತರ: ಬಣ್ಣದ ಡಬ್ಬಿ ತರುವ ಮುಂಚೆ ಒಂದು ಆಯಸ್ಕಾಂತ ಹುಡುಕಿ. ಹಾಳಾದ ಸ್ಪೀಕರಿನದ್ದಾದರೂ ಸಾಕು. ನಾಲ್ಕೂ ರಿಮ್ಮಿಗೆ ಹಿಡಿದು ನೋಡಿ. ಮುಂದಿನವಕ್ಕೆ ಟಕ್ಕನೆ ಅಂಟಿ, ಹಿಂದಿನವಕ್ಕೆ ಅಂಟದೆ ಜಾರಿದರೆ ನಿಮ್ಮ ಕಷ್ಟದ ಮೂಲ ಸಿಕ್ಕ ಹಾಗೆ. ಮುಂದಿನವು ಕಬ್ಬಿಣ, ಹಿಂದಿನವು ಅಲ್ಯೂಮಿನಿಯಂ. ಸೆಕೆಂಡ್ ಹ್ಯಾಂಡ್ ಅಂದಿರಿ, ಮೊದಲಿದ್ದವರು ಯಾವಾಗಲೋ ರಿಮ್ ಬದಲಿಸಿರಬಹುದು. ರೆಡ್ ಆಕ್ಸೈಡ್ ಕಬ್ಬಿಣಕ್ಕೆ ಮಾಡಿದ್ದು. ನಮ್ಮ ಕಡೆ ಗೇಟು, ಗ್ರಿಲ್ಲು, ಟ್ರೈಲರ್ ಎಲ್ಲಕ್ಕೂ ಅದನ್ನೇ ಹೊಡೆಯುತ್ತಾರೆ, ಚೆನ್ನಾಗಿಯೇ ಬರುತ್ತದೆ. ಅಲ್ಯೂಮಿನಿಯಂ ಮೇಲೆ ಮಾತ್ರ ಅದು ಕಚ್ಚಿಕೊಳ್ಳುವುದಿಲ್ಲ. ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ಮೇಲೆ ತೆಳ್ಳನೆ ಪೊರೆ ಕಟ್ಟುತ್ತದೆ. ಅದನ್ನು ಕೊರೆದು ಹಿಡಿಯುವುದಕ್ಕೆ ಸ್ವಲ್ಪ ಆಮ್ಲ ಇರುವ ಎಚ್ ಪ್ರೈಮರ್ (etch primer) ಬೇಕು. ಆಟೊಮೊಬೈಲ್ ಪೇಂಟ್ ಮಾರುವ ಅಂಗಡಿಯಲ್ಲಿ ಕೇಳಿ, ಸ್ಪ್ರೇ ಡಬ್ಬಿಯಲ್ಲೇ ಸಿಗುತ್ತದೆ.

ಇನ್ನೊಂದು ಕಾರಣವೂ ನಿಮ್ಮ ಪತ್ರದಲ್ಲೇ ಇದೆ, ಬೋರ್ಡೋ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ ಹಾಕಿ ಕಲಸಿದ ಮೇಲೆ ನೀವು ಕುಡುಗೋಲಿನ ತುದಿ ಅದ್ದಿ ನೋಡ್ತೀರಲ್ವಾ? ಸುಣ್ಣ ಕಡಿಮೆಯಾಗಿದ್ದರೆ ತುದಿಗೆ ತಾಮ್ರದ ಕೆಂಪು ಕೂರುತ್ತದೆ. ಅಂದರೆ ದ್ರಾವಣ ಕಬ್ಬಿಣವನ್ನು ತಿನ್ನುತ್ತಿದೆ ಅಂತ ಅರ್ಥ. ಕ್ಯಾನಿನಿಂದ ತುಳುಕಿದ್ದು ರಿಮ್ಮಿನ ಮೇಲೆ ಬಿದ್ದು, ಕಲ್ಲು ತಾಗಿ ಬಣ್ಣ ಕಿತ್ತ ಜಾಗದಲ್ಲಿ ಒಳಗಿಳಿದರೆ ಅಲ್ಲೂ ಇದೇ ಆಗುವುದು. ಅಲ್ಯೂಮಿನಿಯಂ ಆದರೆ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಪೊಟ್ಯಾಷ್ ಗೊಬ್ಬರವೂ ಒಂದು ಥರದ ಉಪ್ಪೇ, ಅದೂ ಲೋಹಕ್ಕೆ ಒಳ್ಳೆಯದಲ್ಲ. ಹಾಗಾಗಿ ಬಣ್ಣ ಎಷ್ಟೇ ಚೆನ್ನಾಗಿ ಹೊಡೆದರೂ ಔಷಧಿ ಹೊಡೆದ ದಿನ ಸಂಜೆ ಗಾಲಿಗೆ ಒಂದೆರಡು ಕೊಡ ನೀರು ಹಾಕಲೇಬೇಕು.

ಈಗ ಕೆಲಸಕ್ಕೆ ಬರೋಣ. ಗಾಡಿ ಸಮತಟ್ಟು ಜಾಗದಲ್ಲಿರಲಿ. ಗಾಲಿ ನೆಲದ ಮೇಲಿರುವಾಗಲೇ ನಟ್ಟನ್ನು ಅರ್ಧ ಸುತ್ತು ಸಡಿಲ ಮಾಡಿ, ಆಮೇಲೆ ಜಾಕ್ ಕೊಡಿ. ಬರೀ ಜಾಕ್ ನಂಬಬೇಡಿ, ಚಾಸಿ ಕೆಳಗೆ ಮರದ ದಿಮ್ಮಿ ಇಡಿ. ಬಿಚ್ಚಿದ ಗಾಲಿಯ ಹಿಂದೆ ಸೀಮೆಸುಣ್ಣದಲ್ಲಿ ಎಡ, ಬಲ, ಮುಂದೆ, ಹಿಂದೆ ಅಂತ ಬರೆದಿಡಿ. ತುಂಬಾ ಎಟಿವಿಗಳಲ್ಲಿ ಮುಂದಿನ ರಿಮ್ಮಿಗೂ ಹಿಂದಿನದಕ್ಕೂ ಅಗಲ ಬೇರೆ ಇರುತ್ತದೆ. ಟಯರಿಗೆ ತಿರುಗುವ ದಿಕ್ಕೂ ಇರಬಹುದು, ಪಕ್ಕದಲ್ಲಿ ಬಾಣದ ಗುರುತು ಇದೆಯಾ ನೋಡಿಕೊಳ್ಳಿ.

ತೊಳೆಯೋದರಲ್ಲಿ ಅವಸರ ಬೇಡ. ನಿಮ್ಮ ಕಡೆಯ ಎರೆಮಣ್ಣು ರಿಮ್ಮಿನ ಒಳಮೈಯಲ್ಲಿ ಗಾರೆ ಥರ ಕೂತಿರುತ್ತದೆ. ಒಂದು ರಾತ್ರಿ ಒದ್ದೆ ಗೋಣಿಚೀಲ ಹೊದಿಸಿಟ್ಟರೆ ಬೆಳಿಗ್ಗೆ ತಾನಾಗಿ ಬಿಡುತ್ತದೆ. ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ತಿನ್ನರ್ ಅದ್ದಿದ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಕಪ್ಪಾದರೆ ಬಟ್ಟೆ ಬದಲಿಸಿ ಮತ್ತೆ ಒರೆಸಿ. ಬೆಳ್ಳಗೇ ಉಳಿಯುವ ತನಕ ಬಿಡಬೇಡಿ. ಇಷ್ಟಾದ ಮೇಲೇ ಉಪ್ಪುಕಾಗದ ಹಿಡಿಯಬೇಕು. ಎಣ್ಣೆ ಜಿಡ್ಡು ಇರುವಾಗಲೇ ಉಜ್ಜಿದರೆ ಜಿಡ್ಡು ಗೀರುಗಳ ಒಳಗೆ ಹೋಗಿ ಕೂರುತ್ತದೆ. ಟಯರಿಗೆ ಹೊಳಪಿನ ಪಾಲಿಶ್ ಹಚ್ಚುವ ಅಭ್ಯಾಸ ಇದ್ದರೆ ಇನ್ನೂ ಹುಷಾರಾಗಿರಿ. ಅದರಲ್ಲಿ ಸಿಲಿಕೋನ್ ಇರುತ್ತದೆ. ಒಂದು ತೊಟ್ಟು ರಿಮ್ಮಿಗೆ ತಾಗಿದ್ದರೂ ಅಲ್ಲಿ ಬಣ್ಣ ಕೂರದೆ ಮೀನಿನ ಕಣ್ಣಿನ ಹಾಗೆ ದುಂಡಗೆ ಸರಿದುಕೊಳ್ಳುತ್ತದೆ.

ತುಕ್ಕು ಹಿಡಿದ ಕಬ್ಬಿಣದ ರಿಮ್ಮಿಗೆ ಮೊದಲು ತಂತಿ ಬ್ರಷ್, ಆಮೇಲೆ 80, 120, ಕೊನೆಗೆ 320 ನಂಬರ್ ಕಾಗದ. ಬಣ್ಣ ಗಟ್ಟಿಯಾಗಿ ಕೂತಿರುವ ಕಡೆ ಪೂರ್ತಿ ತೆಗೆಯಬೇಕಾಗಿಲ್ಲ, 320ರಲ್ಲಿ ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಹಳೆ ಬಣ್ಣಕ್ಕೂ ಬರಿ ಲೋಹಕ್ಕೂ ನಡುವಿನ ಅಂಚಿನ ಮೇಲೆ ಕಣ್ಣು ಮುಚ್ಚಿ ಉಗುರು ಎಳೆಯಿರಿ. ಉಗುರಿಗೆ ಮೆಟ್ಟಿಲು ಸಿಕ್ಕರೆ ಇನ್ನೂ ಉಜ್ಜಬೇಕು. ಅಲ್ಯೂಮಿನಿಯಂಗೆ ಕಬ್ಬಿಣದ ತಂತಿ ಬ್ರಷ್ ಬೇಡ, ಅದರ ಚೂರು ಒಳಗೆ ಚುಚ್ಚಿಕೊಂಡು ಆಮೇಲೆ ತುಕ್ಕಿನ ಚುಕ್ಕೆ ಆಗುತ್ತದೆ. ನೈಲಾನ್ ಸ್ಕ್ರಬ್ ಪ್ಯಾಡ್ ಮತ್ತು 320 ಕಾಗದ ಸಾಕು. ಉಜ್ಜಿ, ಒರೆಸಿ, ಆಗಲೇ ಎಚ್ ಪ್ರೈಮರ್ ಹೊಡೆಯಿರಿ. ರಾತ್ರಿ ಬಿಟ್ಟು ಬೆಳಿಗ್ಗೆ ಹೊಡೆಯೋಣ ಅಂದ್ಕೋಬೇಡಿ.

ಉಜ್ಜುವಾಗ ನಟ್ಟಿನ ತೂತುಗಳ ಸುತ್ತ, ಬೆಸುಗೆ ಹಾಕಿದ ಜಾಗದಲ್ಲಿ ಕಣ್ಣಿಟ್ಟು ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಅಲ್ಲಿಗೆ ನಿಲ್ಲಿಸಿ, ಆ ರಿಮ್ ಬದಲಿಸಿ. ಬಣ್ಣ ಹೊಡೆದರೆ ಬಿರುಕು ಕಣ್ಣಿಗೆ ಕಾಣೋದಿಲ್ಲ, ಹೋಗೋದೂ ಇಲ್ಲ.

ಈಗ ಎಲ್ಲಕ್ಕಿಂತ ಮುಖ್ಯದ ಮಾತು. ರಿಮ್ಮಿನಲ್ಲಿ ಮೂರು ಜಾಗಕ್ಕೆ ಬಣ್ಣ ದಪ್ಪಗೆ ಕೂರಬಾರದು. ನಟ್ಟು ಕೂರುವ ಇಳಿಜಾರಿನ ಬಾಯಿ, ಹಬ್ಬಿಗೆ (ಗಾಲಿಯನ್ನು ಬಿಗಿಯುವ ಗಾಡಿಯ ಭಾಗ) ಒತ್ತಿ ಕೂರುವ ಹಿಂಬದಿಯ ಚಪ್ಪಟೆ ಮುಖ, ಟಯರಿನ ಅಂಚು ಕೂರುವ ಪಟ್ಟಿ. ಇದನ್ನು ನಾನು ಕಲಿತದ್ದು ಸಂತೇಬೆನ್ನೂರು ಹತ್ತಿರ ನಮ್ಮ ಅಣ್ಣನ ತೋಟದಲ್ಲಿ. ಅಣ್ಣನ ಎಟಿವಿಯ ನಾಲ್ಕೂ ರಿಮ್ ಬಿಚ್ಚಿ, ಹಿಂದೆ ಮುಂದೆ ಒಂದು ಚೂರೂ ಬಿಡದೆ ನಾಲ್ಕು ಕೋಟ್ ಹೊಡೆದಿದ್ದೆ, ನಟ್ಟಿನ ತೂತಿನ ಒಳಗೂ ಸೇರಿ. ನೋಡೋಕೆ ಷೋರೂಮಿನಿಂದ ಬಂದ ಹಾಗಿತ್ತು. ಮೂರನೇ ದಿನ ಅಣ್ಣನ ಮಗ ಗೊಬ್ಬರ ಹೇರಿಕೊಂಡು ನಾಲೆ ಏರಿ ಮೇಲೆ ಹೋಗುವಾಗ ಎಡಗಡೆಯಿಂದ ಕಟಕಟ ಶಬ್ದ ಬಂತಂತೆ, ಪುಣ್ಯಕ್ಕೆ ತಕ್ಷಣ ನಿಲ್ಲಿಸಿದ. ನಾನು ಹೋಗಿ ನೋಡಿದರೆ ನಾಲ್ಕರಲ್ಲಿ ಮೂರು ನಟ್ಟು ಬರಿಗೈಯಲ್ಲೇ ತಿರುಗಿದವು. ಪ್ರತಿ ನಟ್ಟಿನ ಕೆಳಗೂ ಬಣ್ಣ ಹಿಟ್ಟಿನ ಹಾಗೆ ಹಿಸುಕಿ ಹೊರಗೆ ಬಂದು ಉಂಗುರ ಕಟ್ಟಿತ್ತು. ಬಿಗಿಯಾಗಿದೆ ಅಂತ ನಾನು ಅಂದುಕೊಂಡಿದ್ದು ನಟ್ಟು ಬಣ್ಣವನ್ನು ಒತ್ತಿದ್ದು, ಲೋಹವನ್ನಲ್ಲ. ಬಣ್ಣ ಕುಗ್ಗಿತು, ಬಿಗಿ ಹೋಯಿತು. ಕೆಳಗೆ ನಾಲೆ ತುಂಬಾ ನೀರು ಹರೀತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಈ ವಿಷಯ ಯಾರು ಕೇಳಿದರೂ ಬಣ್ಣ ಹಚ್ಚಬಾರದ ಜಾಗ ಯಾವುದು ಅಂತ ಬಿಡದೆ ಹೇಳುತ್ತೇನೆ.

ನಟ್ಟಿನ ತೂತಿಗೆ ಮಾಸ್ಕಿಂಗ್ ಟೇಪನ್ನು ಸುರುಳಿ ಸುತ್ತಿ ಬಿಗಿಯಾಗಿ ತುರುಕಿ, ಇಳಿಜಾರಿನ ಅಂಚೂ ಮುಚ್ಚಬೇಕು. ಹಿಂಬದಿಯ ಚಪ್ಪಟೆ ಮುಖಕ್ಕೆ ಟೇಪ್ ಅಂಟಿಸಿ ಬ್ಲೇಡಿನಲ್ಲಿ ಗುಂಡಗೆ ಕತ್ತರಿಸಿ. ಹೋದ ವರ್ಷದ ಬಣ್ಣ ಅಲ್ಲಿ ಕೂತಿದ್ದರೆ ಈಗಲೇ ತೆಗೆದುಬಿಡಿ.

ಟಯರ್ ಬಿಚ್ಚಬೇಕಾ ಅಂದಿರಿ. ಗಾಳಿ ನಿಲ್ಲುತ್ತಿದೆ, ಹೊರಮೈಗೆ ಮಾತ್ರ ಬಣ್ಣ ಬೇಕು ಅಂದರೆ ಬೇಡ. ಮನೆಯಲ್ಲಿ ಬಿದ್ದಿರುವ ಹಳೆ ಮದುವೆ ಕಾರ್ಡುಗಳನ್ನು ಮೂರು ಬೆರಳಗಲಕ್ಕೆ ಕತ್ತರಿಸಿ. ಗಾಳಿ ಸ್ವಲ್ಪ ಇಳಿಸಿ, ರಿಮ್ಮಿಗೂ ಟಯರಿಗೂ ನಡುವೆ ಒಂದರ ಮೇಲೊಂದು ಬರುವ ಹಾಗೆ ಸುತ್ತಲೂ ಸಿಕ್ಕಿಸಿ. ಟೇಪಿಗಿಂತ ಇದು ವಾಸಿ, ದಪ್ಪ ಕಾರ್ಡು ನೆಟ್ಟಗೆ ನಿಲ್ಲುತ್ತದೆ. ಆದರೆ ಗಾಳಿ ಮೆಲ್ಲಗೆ ಇಳಿಯುತ್ತಿದ್ದರೆ ಟಯರ್ ಅಂಚಿನಲ್ಲಿ ತುಕ್ಕು ಸೇರಿರಬಹುದು, ಆಗ ಪಂಚರ್ ಅಂಗಡಿಯಲ್ಲಿ ಬಿಚ್ಚಿಸಿ. ಆ ಪಟ್ಟಿ ನುಣ್ಣಗೆ ಮಾಡಿ ತೆಳ್ಳನೆ ಪ್ರೈಮರ್ ಮಾತ್ರ ಕೊಡಿ, ವಾಲ್ವ್ ಹೊಸದು ಹಾಕಿಸಿ. ವಾಪಸ್ ಕೂರಿಸುವಾಗ ಪೆಟ್ರೋಲ್ ಹಾಕಿ ಬೆಂಕಿ ಹಚ್ಚಿ ಟಯರ್ ಎಬ್ಬಿಸುತ್ತೇನೆ ಅಂತ ಯಾರಾದರೂ ಅಂದರೆ ಗಾಲಿ ಎತ್ತಿಕೊಂಡು ವಾಪಸ್ ಬನ್ನಿ. ಗಾಳಿ ತುಂಬುವಾಗಲೂ ಪಕ್ಕದಲ್ಲೇ ನಿಂತಿರಿ. ಸ್ಕೂಟರಿನ ಲೆಕ್ಕದಲ್ಲಿ 30 ತುಂಬಿಬಿಡುತ್ತಾರೆ. ಎಟಿವಿ ಟಯರಿಗೆ ಸಾಮಾನ್ಯವಾಗಿ 3ರಿಂದ 7 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಒಳಗೇ. ನಿಮ್ಮ ಗಾಡಿಗೆ ಎಷ್ಟು ಅಂತ ಗಾಡಿಯ ಮೇಲಿನ ಸ್ಟಿಕ್ಕರಿನಲ್ಲಿ ಇರುತ್ತದೆ. ಅಷ್ಟು ಕಡಿಮೆ ಒತ್ತಡ ಅಂಗಡಿಯ ಗೇಜಿನಲ್ಲಿ ಸರಿಯಾಗಿ ಗೊತ್ತಾಗಲ್ಲ, ಚಿಕ್ಕ ಅಳತೆಯ ಗೇಜ್ ಒಂದು ಇಟ್ಟುಕೊಳ್ಳಿ.

ಸ್ಪ್ರೇ ಹೊಡೆಯುವುದು ಕೊನೆಯ ಕೆಲಸ, ಸುಲಭದ್ದೂ ಅದೇ. ಮಳೆ ಬಿಟ್ಟ ದಿನ, ತೇವ ಆರಿದ ಮೇಲೆ, ಹತ್ತು ಗಂಟೆಯಿಂದ ಮಧ್ಯಾಹ್ನದ ಒಳಗೆ ನೆರಳಿನಲ್ಲಿ ಮಾಡಿ. ಹವೆಯಲ್ಲಿ ತೇವ ಇದ್ದರೆ ಬಣ್ಣದ ಮೇಲೆ ಬೆಳ್ಳಗೆ ಮಂಜು ಹಿಡಿದ ಹಾಗಾಗುತ್ತದೆ. ಡಬ್ಬಿಯೊಳಗಿನ ಗುಂಡು ಸದ್ದು ಮಾಡೋಕೆ ಶುರುವಾದ ಮೇಲೂ 2 ನಿಮಿಷ ಅಲ್ಲಾಡಿಸಿ. ಹೆಚ್ಚುಕಡಿಮೆ ಒಂದು ಗೇಣು ದೂರ, ಅಂದರೆ 20ರಿಂದ 25 ಸೆಂ.ಮೀ. ಇರಲಿ. ರಿಮ್ಮಿನ ಆಚೆ ಶುರು ಮಾಡಿ ಈಚೆ ಬಂದು ನಿಲ್ಲಿಸಿ. ಮೊದಲ ಕೋಟಿಗೆ ಕೆಳಗಿನದು ಪೂರ್ತಿ ಮುಚ್ಚಲೇಬೇಕು ಅಂತ ಹಟ ಬೇಡ, ಹನಿ ಚಿಮುಕಿಸಿದ ಹಾಗಿದ್ದರೆ ಸಾಕು. 10-15 ನಿಮಿಷ ಬಿಟ್ಟು ಇನ್ನೊಂದು, ಹಾಗೆ ಮೂರು. ಡಬ್ಬಿಯ ಮೇಲೆ ಬೇರೆ ಸಮಯ ಬರೆದಿದ್ದರೆ ಅದೇ ಲೆಕ್ಕ. ಪ್ರೈಮರ್, ಬಣ್ಣ, ಕೊನೆಗೆ ಮೇಲೆ ಹೊಡೆಯುವ ಬಣ್ಣವಿಲ್ಲದ ಕ್ಲಿಯರ್ ಕೋಟ್ ಒಂದೇ ಕಂಪನಿಯದ್ದಾದರೆ ಒಳ್ಳೆಯದು. ಹಳೆ ಎನಾಮೆಲ್ ಮೇಲೆ ಖಾರದ (ಜೋರಾದ) ತಿನ್ನರಿನ ಬಣ್ಣ ಬಿದ್ದರೆ ಸುಕ್ಕುಗಟ್ಟಿ ಏಳುತ್ತದೆ, ಹಿಂಬದಿಯಲ್ಲಿ ಅಂಗೈಯಗಲ ಹೊಡೆದು ನೋಡಿ ಮುಂದುವರಿಸಿ.

ಕೈಗೆ ಅಂಟದ ಹಾಗಾಗೋಕೆ ಅರ್ಧ ಗಂಟೆ ಸಾಕು. ಗಟ್ಟಿಯಾಗೋಕೆ ಒಂದು ವಾರ ಬೇಕು. ಗಾಲಿ ವಾಪಸ್ ಹಾಕುವಾಗ ನಟ್ಟನ್ನು ಎದುರು ಬದುರಾಗಿ ಬಿಗಿ ಮಾಡಿ, ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟು ಟಾರ್ಕ್ (ಬಿಗಿಯುವ ಬಲ) ಕೊಡಿ. ತೋಟದಲ್ಲಿ ಒಂದು ಸುತ್ತು ಹಾಕಿ ಬಂದ ಮೇಲೆ ಮತ್ತೆ ಸ್ಪ್ಯಾನರ್ ಹಿಡಿದು ನೋಡಿ. ಮಾರನೇ ದಿನವೂ, ವಾರ ಬಿಟ್ಟೂ ನೋಡಿ. ಗೊನೆ ಇಳಿಸುವ ಗಡಿಬಿಡಿಯಲ್ಲಿ ಇದೊಂದನ್ನು ಮರೆಯಬೇಡಿ, ದಯವಿಟ್ಟು.

ಪ್ರಶ್ನೆ: ಚಿತ್ರದುರ್ಗದ ಹೊರಗೆ ನಮ್ಮ ಮನೆ, ಸುತ್ತ ಬಯಲು. ರಿಮ್ಮಿಗೆ ಕರಿ ಸ್ಪ್ರೇ ಹೊಡೆದೆ, ಒಣಗಿದ ಮೇಲೆ ಕೈಯಾಡಿಸಿದರೆ ರವೆ ಥರ ತರಿತರಿ. ಡಬ್ಬಿಯೇ ಕೆಟ್ಟದ್ದಾ? (ಓದುಗರು, ಚಿತ್ರದುರ್ಗ)

ಉತ್ತರ: ಡಬ್ಬಿಯದ್ದಲ್ಲ, ಗಾಳಿಯದ್ದು. ನಿಮ್ಮ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಬಣ್ಣದ ಹನಿ ರಿಮ್ಮಿಗೆ ತಲುಪುವ ಮುಂಚೆಯೇ ಅರ್ಧ ಒಣಗಿ ಪುಡಿಯಾಗಿ ಕೂತಿದೆ. ಜೊತೆಗೆ ಧೂಳೂ ಸೇರಿರಬಹುದು. ಬಿಸಿಲಿನಲ್ಲಿ ಕಾದ ರಿಮ್ಮಿಗೆ ಹೊಡೆದರೂ ಹೀಗೇ ಆಗುತ್ತದೆ. ಅಂಗೈ ಇಟ್ಟರೆ ಸುಡುವಷ್ಟಿದ್ದರೆ ಹೊಡೆಯಬೇಡಿ.

ಮಾಡಿದ್ದು ಹಾಳಾಗಿಲ್ಲ. ಒಂದು ವಾರ ಬಿಟ್ಟು 600 ನಂಬರ್ ವಾಟರ್ ಪೇಪರ್ ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿ, ತರಿ ಹೋದ ಮೇಲೆ ಒಣಗಿಸಿ ಮತ್ತೆರಡು ಕೋಟ್ ಕೊಡಿ. ಈ ಸಲ ಮೂರು ಕಡೆ ಟಾರ್ಪಾಲು ಕಟ್ಟಿ, ಒಂದು ಕಡೆ ಬಿಡಿ. ನೆಲಕ್ಕೆ ನೀರು ಚಿಮುಕಿಸಿ, ಧೂಳು ಏಳಲ್ಲ. ಡಬ್ಬಿಯನ್ನೂ ಬಿಸಿಲಲ್ಲಿಡಬೇಡಿ, 50 ಡಿಗ್ರಿ ದಾಟಬಾರದು ಅಂತ ಅದರ ಮೇಲೇ ಬರೆದಿರುತ್ತದೆ. ಬಣ್ಣದ ಆಯ್ಕೆ ನಿಮ್ಮದು. ಆದರೆ ಕೆಮ್ಮಣ್ಣಿನ ಧೂಳನ್ನು ಕರಿ ಬಣ್ಣ ಎತ್ತಿ ತೋರಿಸುತ್ತದೆ, ಬೂದು ಬಣ್ಣ ಮರೆಸುತ್ತದೆ. ಹೊಳಪಿಲ್ಲದ ಮ್ಯಾಟ್ ಚೆಂದ ಕಾಣುತ್ತದೆ ನಿಜ, ಆದರೆ ಮಣ್ಣು ಬೇಗ ಬಿಡುವುದು ಹೊಳಪಿನ ಬಣ್ಣದಲ್ಲೇ.

ಪ್ರಶ್ನೆ: ನನ್ನ ಮಗ ಗೆಳೆಯನ ಎಟಿವಿ ರಿಮ್ ತಂದು ನಮ್ಮ ಮನೆಯ ಒಳಕೋಣೆಯಲ್ಲಿ ಬಣ್ಣ ಹೊಡೀತಾನೆ. ಮನೆ ತುಂಬಾ ವಾಸನೆ. ಮೊಮ್ಮಗಳಿಗೆ ಉಬ್ಬಸ ಇದೆ. ಹೇಳಿದರೆ ಮೂಗಿಗೆ ಕರ್ಚೀಫ್ ಕಟ್ಟಿಕೊಂಡಿದ್ದೀನಿ ಅಂತಾನೆ. (ಓದುಗರು, ದಾವಣಗೆರೆ)

ಉತ್ತರ: ಅಮ್ಮಾ, ಇವತ್ತೇ ನಿಲ್ಲಿಸಿ. ಈ ಪತ್ರಿಕೆಯನ್ನು ಅವನ ಕೈಗೇ ಕೊಡಿ. ಕರ್ಚೀಫು, ಧೂಳಿನ ಮಾಸ್ಕು ಯಾವುದೂ ತಿನ್ನರಿನ ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ಬೇಕು. ಅದು ಇದ್ದರೂ ಮುಚ್ಚಿದ ಕೋಣೆಯಲ್ಲಿ ಹೊಡೆಯಬಾರದು. ಡಬ್ಬಿಯೊಳಗಿನ ಅನಿಲ ಬೆಂಕಿ ಹಿಡಿಯುವಂಥದ್ದು. ಪಕ್ಕದಲ್ಲಿ ಗ್ಯಾಸ್ ಒಲೆ, ದೇವರ ಮುಂದಿನ ದೀಪ ಏನಿದ್ದರೂ ಅಪಾಯ. ಗಟ್ಟಿಕಾರಕ ಬೆರೆಸುವ ಎರಡು ಭಾಗದ ಪಿಯು (ಪಾಲಿಯುರೆಥೇನ್) ಬಣ್ಣವನ್ನಂತೂ ಮನೆಯಲ್ಲಿ ಸ್ಪ್ರೇ ಮಾಡಲೇಬಾರದು. ಅದರಲ್ಲಿ ಐಸೊಸೈನೇಟ್ ಇರುತ್ತದೆ, ಉಬ್ಬಸ ಇಲ್ಲದವರಿಗೂ ಉಬ್ಬಸ ತರಿಸುವ ವಸ್ತು ಅದು. ಮಹಡಿ ಮೇಲೆ, ಗಾಳಿ ಕಡಿಮೆ ಇರುವ ಹೊತ್ತಿನಲ್ಲಿ ಮಾಡಲಿ. ಅಕ್ಕಪಕ್ಕದವರ ಬಟ್ಟೆ ಒಣಗಲು ಹಾಕಿದ್ದರೆ ಮೊದಲೇ ಹೇಳಿ ತೆಗೆಸಲಿ, ಕೆಳಗೆ ಯಾರದ್ದಾದರೂ ಕಾರ್ ನಿಂತಿದ್ದರೆ ಅದನ್ನೂ ನೋಡಲಿ. ಬಣ್ಣದ ಪುಡಿ ಅಷ್ಟು ದೂರ ಹಾರುತ್ತದೆ. ಬಣ್ಣ ಹೊಡೆದ ರಿಮ್ಮನ್ನು ಒಣಗೋಕೆ ಅಂತ ಮಗು ಮಲಗುವ ಕೋಣೆಗೆ ತರಬಾರದು, ವಾಸನೆ ಎರಡು ಮೂರು ದಿನ ಬರುತ್ತಲೇ ಇರುತ್ತದೆ.

ಪ್ರಶ್ನೆ: ಸ್ಪ್ರೇ ಬದಲು ಬ್ರಷ್ಷಿನಲ್ಲಿ ಹಚ್ಚಬಹುದಾ? (ಓದುಗರು, ಜಗಳೂರು)

ಉತ್ತರ: ಧಾರಾಳವಾಗಿ. ಕಬ್ಬಿಣದ ರಿಮ್ಮಿಗೆ ರೆಡ್ ಆಕ್ಸೈಡ್, ಮೇಲೆ ತೆಳ್ಳಗೆ ಎರಡು ಕೋಟ್ ಎನಾಮೆಲ್, ನಡುವೆ ಒಂದು ರಾತ್ರಿ ಬಿಡಿ. ಗೆರೆ ಸ್ವಲ್ಪ ಕಾಣುತ್ತದೆ, ಆದರೆ ಸ್ಪ್ರೇಗಿಂತ ದಪ್ಪಗೆ ಕೂರುತ್ತದೆ. ಹೊಲಕ್ಕೆ ಹೋಗುವ ಗಾಡಿಗೆ ನಾನು ಇದನ್ನೇ ಹೇಳುತ್ತೇನೆ. ದಪ್ಪಗೆ ಕೂರುತ್ತದೆ ಅನ್ನೋ ಕಾರಣಕ್ಕೇ ನಟ್ಟಿನ ಬಾಯಿ ಇನ್ನೂ ಹುಷಾರಾಗಿ ಮುಚ್ಚಿ.

ಪ್ರಶ್ನೆ: ಪೌಡರ್ ಕೋಟಿಂಗ್ ಮಾಡಿಸಿದರೆ ಜಾಸ್ತಿ ಬಾಳಿಕೆ ಬರುತ್ತಂತೆ, ಹೌದಾ? (ಓದುಗರು, ಹರಿಹರ)

ಉತ್ತರ: ಹೌದು, ಕಲ್ಲೇಟಿಗೆ ಡಬ್ಬಿ ಬಣ್ಣಕ್ಕಿಂತ ಚೆನ್ನಾಗಿ ತಡೆಯುತ್ತದೆ. ಪುಡಿ ಸಿಂಪಡಿಸಿ ಸುಮಾರು 180ರಿಂದ 200 ಡಿಗ್ರಿ ಒಲೆಯಲ್ಲಿ ಬೇಯಿಸುತ್ತಾರೆ. ಹಾಗಾಗಿ ಟಯರ್, ವಾಲ್ವ್ ಎಲ್ಲಾ ತೆಗೆದ ಬರಿ ರಿಮ್ ಕೊಡಬೇಕು. ಅಲ್ಯೂಮಿನಿಯಂ ಆದರೆ 200 ದಾಟದಂತೆ ನೋಡಿಕೊಳ್ಳಿ ಅಂತ ಹೇಳಿ. ಕಾವು ಜಾಸ್ತಿಯಾದರೆ, ಮತ್ತೆ ಮತ್ತೆ ಬೇಯಿಸಿದರೆ ಅದರ ಗಟ್ಟಿತನ ಕಡಿಮೆಯಾಗುತ್ತದೆ. ಗೇಟು ಗ್ರಿಲ್ಲು ಮಾಡುವವರಿಗೆ ಗಾಲಿಯ ಲೆಕ್ಕ ಗೊತ್ತಿರಲ್ಲ. ನಟ್ಟಿನ ಜಾಗ, ಹಬ್ಬಿನ ಮುಖ ಮುಚ್ಚಿ ಹೊಡೀರಿ ಅಂತ ರಿಮ್ಮಿನ ಮೇಲೇ ಬರೆದು ಕೊಡಿ.

ಪ್ರಶ್ನೆ: ಪೂಜೆಯ ಹಿಂದಿನ ದಿನ ಬಣ್ಣ ಹೊಡೆದರೆ ಆಗುತ್ತಾ? ಉಳಿದ ಸ್ಪ್ರೇ ಡಬ್ಬಿ ಮುಂದಿನ ವರ್ಷಕ್ಕೆ ಬರುತ್ತಾ? (ಓದುಗರು, ಹೊಳಲ್ಕೆರೆ)

ಉತ್ತರ: ಹಿಂದಿನ ದಿನ ಬೇಡ, ಹತ್ತು ದಿನ ಮುಂಚೆ ಮುಗಿಸಿ. ಹಸಿ ಬಣ್ಣದ ಮೇಲೆ ನೀರಲ್ಲಿ ಕಲಸಿದ ಕುಂಕುಮ, ವಿಭೂತಿ ಬಿದ್ದರೆ ಕಲೆ ಹೋಗಲ್ಲ. ಬಣ್ಣ ಗಟ್ಟಿಯಾಗಿದ್ದರೂ ಪೂಜೆ ಮುಗಿದ ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ಇಲ್ಲದಿದ್ದರೆ ಕುಂಕುಮ ಟಯರಿಗೆ ಇಟ್ಟರೂ ಸಾಕಲ್ವಾ.

ಡಬ್ಬಿ ಬರುತ್ತದೆ. ಕೆಲಸ ಮುಗಿದ ಕೂಡಲೇ ತಲೆಕೆಳಗು ಮಾಡಿ ಒತ್ತಿ, ಬಣ್ಣ ನಿಂತು ಬರೀ ಗಾಳಿ ಬರುವ ತನಕ. ಮೂತಿ ಒರೆಸಿ, ಮುಚ್ಚಳ ಹಾಕಿ, ಅಡುಗೆಮನೆಯಿಂದ ದೂರ ತಂಪು ಜಾಗದಲ್ಲಿಡಿ. ಮುಂದಿನ ವರ್ಷ ತೆಗೆದಾಗ ಮೊದಲು ಹಳೆ ತಗಡಿನ ಮೇಲೆ ಒಂದು ಸಲ ಹೊಡೆದು ನೋಡಿ, ಆಮೇಲೆ ರಿಮ್ಮಿಗೆ.